ಓಣಿಯೆಲ್ಲ ವೈಫೈ ಬಂದ್ ಮಾಡಿತು

ಸಾರಿ ಗೆಳೆಯರೇ, ಇಂಥದ್ದಕ್ಕೆಲ್ಲ ಪೋಸ್ಟ್ ಹಾಕಬಾರದು ಅಂತ ಗೊತ್ತು. ಆದರೆ ಬೇರೆ ದಾರಿಯಿಲ್ಲ.

ರಜೆಗೆ ನಮ್ಮೂರು ಇಂಡಿಗೆ ಬಂದಿದ್ದೇನೆ. ಇಂದು ಐದು ಗಂಟೆಯೊಳಗೆ ಕ್ಲಾಸಿನ ಆನ್‌ಲೈನ್ ಫೋಲ್ಡರಿಗೆ ಕೆಮಿಸ್ಟ್ರಿ ಅಸೈನ್‌ಮೆಂಟ್ ಅಪ್‌ಲೋಡ್ ಆಗದಿದ್ದರೆ ಇಂಟರ್ನಲ್ ಮಾರ್ಕ್ಸ್ ಇಲ್ಲ. ಸರಿಯಾಗಿ ಅಪ್‌ಲೋಡ್ ಮಾಡುವ ಹೊತ್ತಿಗೆ ವೈಫೈ ತೆವಳತೊಡಗಿತು. ಫೋನ್ ರೀಸ್ಟಾರ್ಟ್ ಮಾಡಿದೆ, ನೆಟ್‌ವರ್ಕ್ ಅಳಿಸಿ ಮತ್ತೆ ಸೇರಿಸಿದೆ, ರೌಟರ್ ಪಕ್ಕದಲ್ಲೇ ಹೋಗಿ ನಿಂತೆ. ಕೊನೆಗೆ ರೌಟರ್‌ನ ಆ್ಯಪ್ ತೆರೆದರೆ, ಮೂರೇ ಫೋನಿರುವ ನಮ್ಮ ಮನೆಯ ವೈಫೈಗೆ ಇಡೀ ಓಣಿ ಜೋತುಬಿದ್ದಿತ್ತು.

“ಅವ್ವಾ, ಪಾಸ್‌ವರ್ಡ್ ಯಾರಿಗೆ ಕೊಟ್ಟಿ?”

“ಕೇಳಿದವರಿಗೆಲ್ಲಾ ಕೊಟ್ಟೇನಿ. ಕುಡಿಯಾಕ ನೀರು ಕೇಳಿದ್ರ ಇಲ್ಲ ಅಂತಾರೇನು?”

“ಈಗ ಚೇಂಜ್ ಮಾಡ್ತೇನಿ.”

“ಹಾಸ್ಟೆಲ್‌ನ್ಯಾಗ ಇದನ್ನ ಕಲಿಸ್ಯಾರೇನು ನಿನಗ?” ಎಂದವಳೇ ಅವ್ವ ಕಟ್ಟೆಗೆ ಹೋಗಿ ಕೂಗಿದಳು. “ಎಲ್ಲಾರೂ ಒಂದೀಟು ವೈಫೈ ಬಂದ್ ಮಾಡ್ರಿ, ನಮ್ಮ ಹುಡುಗೀದು ಮಾರ್ಕ್ಸ್ ಹೋಗಾಕತ್ತಾವು.”

ನಾಚಿಕೆಯಾಗಿ ನಾನು ಬಾಗಿಲ ಹಿಂದೆ ನಿಂತೆ. ಎದುರುಮನೆಯ ಬಸಣ್ಣ ಕಾಕಾ ಫೋನ್ ಎತ್ತಿ ತೋರಿಸಿದರು. “ನಿನ್ನ ಸಲುವಾಗಿ ಮ್ಯಾಚ್ ಬಿಟ್ಟೇನಿ ತಂಗಿ. ಫಸ್ಟ್ ಕ್ಲಾಸ್ ಬರಬೇಕ ನೋಡು.”

ಐದಕ್ಕೆ ತುಸು ಮೊದಲು ಫೈಲ್ ಹೋಯಿತು. ಇಷ್ಟು ಮಂದಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ಹೋಯಿತು ಎಂದರೂ ಕಾಕಾ ಒಪ್ಪುತ್ತಿಲ್ಲ. “ಅಲ್ಲಿ ಮುಟ್ಟೈತಿ ಅಂತ ಗ್ಯಾರಂಟಿ ಆಗೂತನಕ ನಾವ್ಯಾರೂ ವೈಫೈ ಹಚ್ಚೂದಿಲ್ಲ.”

ಕ್ಲಾಸಿನವರು ಯಾರಾದರೂ ನಮ್ಮ ಫೋಲ್ಡರಿನಲ್ಲಿ ನನ್ನ ಫೈಲ್ ತೆರೆಯುತ್ತದೆಯೇ ನೋಡಿ, ಪ್ಲೀಸ್, ಬೇಗ ಹೇಳಿ. ಮ್ಯಾಚಿನ ಕೊನೆಯ ಓವರುಗಳು ನಡೆದಿವೆ.