ಮನ್ಮಥಪ್ಪನ ಹೊಟ್ಟೆಯೊಳಗಿನ ಒಲೆ

ನಿಜಾಮರ ಕಾಲದಲ್ಲಿ ಹಲಬರ್ಗಾದ ಬೆಲ್ಲದ ಗಾಣಗಳಲ್ಲಿ ಒಲೆಗೆ ಬೆಂಕಿ ಹಾಕುವವನೆಂದರೆ ಮನ್ಮಥಪ್ಪ. ಕಬ್ಬು ಯಾರದೇ ಇರಲಿ, ಒಲೆಯ ಬಾಯಿ ಮಾತ್ರ ಅವನದು. ಕರಿಹೊಗೆ ಎದ್ದರೆ ಅವನ ಮೈ ಉರಿಯುತ್ತಿತ್ತು. "ಗಾಳಿ ಬಿಡ್ರೋ! ಅರ್ಧ ಸುಟ್ಟು ಅರ್ಧ ಹೊಗಿ ಮಾಡಿದ್ರ ರವದಿ ಏನು ನಿಮ್ಮಪ್ಪ ತಂದು ಒಟ್ಯಾನೇನು?" ರವದಿ, ಅಂದರೆ ಒಣಗಿದ ಕಬ್ಬಿನ ಗರಿ, ಒಂದು ಹಿಡಿ ದಂಡವಾದರೂ ಊರಿಗೆಲ್ಲ ಕೇಳುವ ಹಾಗೆ ಬೈಗುಳ. ಹೆಂಡತಿ ಶಿವಕಾಂತಾಳ ಅಡುಗೆ ಒಲೆಗೂ ಮೂವತ್ತು ವರ್ಷ ಇದೇ ಪೂಜೆ.

ಆ ವರ್ಷ ಶ್ರಾವಣದಿಂದ ಅವನ ಮೈ ಇಳಿಯತೊಡಗಿತು. ಉಂಡದ್ದು ನಿಲ್ಲದು, ಹೊಟ್ಟೆಯ ಮೇಲ್ಭಾಗದಲ್ಲಿ ಕೈಗೆ ಸಿಗುವಂಥ ಗಂಟು. ದೀಪಾವಳಿ ಕಳೆದು ಗಾಣ ಹೂಡಿದಾಗ ಮೊದಲ ಕಡಾಯಿಗೆ ತಾನೇ ಬೆಂಕಿ ಹಾಕಬೇಕು, ಅಲ್ಲಿಯವರೆಗೆ ಜೀವ ಇರಬೇಕು ಎಂಬುದೊಂದೇ ಅವನ ಹಟ. ಶಿವಕಾಂತಾ ಮನೆಗೆ ಬಂದವರಿಗೆ ಉಣಿಸದೆ ತಾನು ಉಣ್ಣದ ಹೆಂಗಸು. ಅವಳು ಗಂಡನಿಗೆ ಬೆಲ್ಲ ತುಪ್ಪ ತಿನ್ನಿಸಿದಳು. ಔರಾದದಿಂದ ಅವನ ಅಕ್ಕ ಕಸ್ತೂರಿಬಾಯಿ ಹೋಳಿಗೆ ಹೊತ್ತು ಬಂದಳು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೆ? ರೋಗಿಯಾದರೂ ತಂದವರ ಎದುರಿಗೇ ಒಂದು ತುತ್ತು ತಿನ್ನದೆ ಬಿಡುವುದುಂಟೆ? ಎಲ್ಲರೂ ಮೈ ಬರಲೆಂದು ಹರಸಿ ಹೋದರು. ಮೈ ಬಂದದ್ದು ಗಂಟಿಗೆ.

ಭಾಲ್ಕಿಯ ವೈದ್ಯರ ಪುಡಿಗಳೆಲ್ಲ ಮುಗಿದ ಮೇಲೆ ಗಂಡಹೆಂಡಿರ ಬಂಡಿ ಬೀದರಿಗೆ ಹೊರಟಿತು. ಅಲ್ಲಿನ ಡಾಕ್ಟರ್ ಹಬೀಬ ಸಾಹೇಬರು ಪರದೇಶದ ಪತ್ರಿಕೆ ಓದುವವರು. ಹೊಟ್ಟೆ ಒತ್ತಿ ನೋಡಿದರು.

"ಕ್ಯಾನ್ಸರ್ ಅದ, ಮನ್ಮಥಪ್ಪ. ಕೊಯ್ದು ತೆಗಿಯೋ ಹೊತ್ತು ದಾಟ್ಯದ."

"ಇಷ್ಟು ತಿಂದದ್ದು ಎಲ್ಲಿ ಹೋಗ್ತದ್ರಿ, ಸಾಹೇಬ್ರ?"

"ನಮ್ಮ ಮೈ ಗಾಳಿ ಕೂಡಿಸಿ ಸಕ್ಕರಿ ಪೂರಾ ಸುಡ್ತದ. ಈ ಗಂಟು ಗಾಳಿ ಇದ್ರೂ ಅರ್ಧಕ್ಕೇ ಬಿಡ್ತದ ಅಂತ ಜರ್ಮನಿಯವರು ಬರದಾರ. ಹಂಗಾಗಿ ಅದಕ್ಕ ಬಾಳ ಬೇಕು. ಜಲ್ದಿ ಜಲ್ದಿ ನುಂಗಿ ಬೆಳೀತದ, ಮಿಕ್ಕಿದ್ದು ಹುಳಿ ಮಾಡಿ ಚೆಲ್ತದ."

ಸಾವಿನ ಮಾತು ಕೇಳಿ ಕುಗ್ಗಬೇಕಾದವನು ಸಿಟ್ಟಿಗೆದ್ದ. "ಅಂದ್ರ ಕರಿಹೊಗಿ ಒಲಿ! ಕಿಂಡಿ ತೆರದಿಟ್ರೂ ಹೊಗಿ! ಯಾವ ಹಲ್ಕಟ್ ಕುಂತು ನನ್ನ ಹೊಟ್ಟ್ಯಾಗ ಒಲಿ ಹಾಕ್ಲಿಕತ್ತಾನ್ರಿ? ಇವತ್ತಿಂದ ಬೆಲ್ಲ ಬಂದ್. ರವದಿ ಇಲ್ದ ಹ್ಯಾಂಗ ಉರೀತದ ನೋಡ್ತೇನಿ!"

"ಆರೂದಿಲ್ಲ, ಮನ್ಮಥಪ್ಪ. ನೀ ಕೊಡದಿದ್ರ ನಿನ್ನ ಮಾಂಸಾನೇ ಕರಗಿಸಿ ತಿಂತದ. ಬಾಯಿಗೆ ಸೇರಿದ್ದು ತಿನ್ನು."

ಬಾಗಿಲಲ್ಲಿ ಕುಳಿತಿದ್ದ ಶಿವಕಾಂತಾ ಎಲ್ಲ ಕೇಳಿಸಿಕೊಂಡಳು. ದಾರಿಯುದ್ದಕ್ಕೂ ಸೆರಗು ಕಣ್ಣಿಗೆ ಒತ್ತಿಕೊಂಡೇ ಬಂದಳು.

ದೀಪಾವಳಿ ಕಳೆಯಿತು. ಹಟಮಾರಿ ಇನ್ನೂ ಇದ್ದ! ಹೊರಸಿನ ಮೇಲೆ ಹೊತ್ತು ತಂದು ಒಲೆಯ ಮುಂದೆ ಇಳಿಸಿದರು. ಒಲೆಯ ಬಾಯಿಗೆ ಒಂದು ಹಿಡಿ ರವದಿ ದೂಡಿದ. ಬೆಂಕಿ ಹತ್ತಿತು, ಕರಿಹೊಗೆ ಏಳಲಿಲ್ಲ. ಪಾಕ ಇಳಿದು ಆರಿದ ಮೇಲೆ ಶಿವಕಾಂತಾ ಹೊಸ ಬೆಲ್ಲದ ಎರಡು ತುಣುಕು ತಂದು ಅವನ ಅಂಗೈಯಲ್ಲಿಟ್ಟಳು.

"ಎರಡ್ಯಾಕ?"

"ಮೊದಲಿನದು ಆ ಗಂಟಿಗರಿ. ಬಂದು ಕುಂತದ, ಹೋಗು ಅಂದ್ರ ಹೋಗೂದಿಲ್ಲ. ಅದರ ಹೊಟ್ಟಿ ತುಂಬಿದ್ರ ಎರಡನೇದಾದ್ರೂ ನಿಮಗ ಸಿಗ್ತದ."

ಒಂದು ಗರಿ ದಂಡವಾದರೂ ಬೈಯುತ್ತಿದ್ದವನು ಅವತ್ತು ಒಂದಾದ ಮೇಲೊಂದು ಎರಡನ್ನೂ ತಿಂದ.