ಗಿಡದ ಕೆಳಗಿನ ಹಾಳೆ

ಕಳೆದ ವಾರ ಬೀರು ಖಾಲಿ ಮಾಡಿ, ಹಳೆ ಸೀರೆಗಳ ಮಧ್ಯೆ ಇಡೋಣವೆಂದು ನುಸಿ ಗುಳಿಗೆಯ ಪೊಟ್ಟಣ ಹರಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೀರೆಗಳನ್ನು ಮಂಚದ ಮೇಲೆ ಹಾಗೇ ಬಿಟ್ಟು ಕೂತುಬಿಟ್ಟೆ. ಎಲ್ಲರಿಗೂ ಅದು ಬಟ್ಟೆ ಬೀರುವಿನ ವಾಸನೆ. ನನಗೆ ಮಾತ್ರ ಒಣಗಿದ ಗಿಡಗಳ ವಾಸನೆ, ಮಹಡಿ ಮೇಡಂ ಅವರ ಕೋಣೆಯ ವಾಸನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ತ್ಯಾಗರಾಜನಗರದಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾನು, ನನ್ನ ಗಂಡ. ಮೇಲೆ ಮನೆ ಓನರ್, ಇದೇ ಮೇಡಂ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಓನರ್ ಅಂದ ಮೇಲೆ ಓನರಿನ ಗತ್ತು ಇರಲೇಬೇಕಲ್ಲ. ಕಾವೇರಿ ನೀರು ಬರುವ ದಿನ ನಾನು ಒಂದು ಬಕೆಟ್ ಹೆಚ್ಚಿಗೆ ಹಿಡಿದರೆ ಮೆಟ್ಟಿಲ ಮೇಲಿಂದ ಕೆಮ್ಮುತ್ತಿದ್ದರು. ಅಂಗಳದಲ್ಲಿ ತಾನಾಗಿ ಹುಟ್ಟಿದ ಕಳೆ ಕಿತ್ತರಂತೂ ಅದು ಕೆಮ್ಮಿನಲ್ಲಿ ಮುಗಿಯುತ್ತಿರಲಿಲ್ಲ. ಗೌರಿ ಹಬ್ಬದ ಮುಂಚೆ ನನ್ನ ಗಂಡ ಪಾಪ ಅಂಗಳ ಚೊಕ್ಕ ಮಾಡಿದ್ದಕ್ಕೆ, ಹಬ್ಬ ಕಳೆಯುವವರೆಗೂ ಮೇಡಂ ನಮ್ಮವರ ಜೊತೆ ಮಾತು ಬಿಟ್ಟಿದ್ದರು.

ನನ್ನನ್ನು ಮೇಲೆ ಕರೆದದ್ದು ಹುಳದ ಕಾಟಕ್ಕೆ. ಅಟ್ಟದ ಮೇಲೆ ಬಟ್ಟೆಯಲ್ಲಿ ಕಟ್ಟಿದ ಗಂಟುಗಳಿದ್ದವು. ಅವರಿಗೆ ಕೈ ನಡುಗುತ್ತಿತ್ತು, ಏಣಿ ಹತ್ತಲಾಗುತ್ತಿರಲಿಲ್ಲ. ನಾನು ಇಳಿಸಿದೆ. ಬಿಚ್ಚಿದರೆ ಒಳಗೆ ಹಾಳೆಯ ಮೇಲೆ ಹಾಳೆ, ಪ್ರತಿ ಹಾಳೆಯ ಮೇಲೂ ಒಂದು ಚಪ್ಪಟೆಯಾಗಿ ಒಣಗಿದ ಗಿಡ, ಜೊತೆಗೆ ಅದು ಸಿಕ್ಕ ಜಾಗ ಬರೆದ ಚೀಟಿ. ಕಂದು ಬಣ್ಣದ ಸಣ್ಣ ಹುಳಗಳು ಆಗಲೇ ಕೆಲಸ ಶುರುಮಾಡಿದ್ದವು. ಗಿಡದ ಕೆಳಗಿದ್ದದ್ದು ಮಾಮೂಲಿ ನ್ಯೂಸ್‌ಪೇಪರಲ್ಲ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಮಸಿ ಉರುಳಿಸಿ ಪ್ರತಿ ತೆಗೆದ, ಅಕ್ಷರ ತುಂಬಿದ ಒರಟು ಹಾಳೆ. ಏನಿದು ಅಂತ ಕೇಳಿದೆ.

"ಹಳೇ ಪೇಪರ್," ಅಂದರು. ಅದು ಅವರ ಬಾಯಿಗೆ ಎಷ್ಟೋ ವರ್ಷದಿಂದ ಅಂಟಿಕೊಂಡಿದ್ದ ಉತ್ತರವೆಂದು ಆಮೇಲೆ ತಿಳಿಯಿತು.

ನಿಜ ಹೊರಬಂದದ್ದು ನಿಧಾನವಾಗಿ, ಹುಳ ಆರಿಸುತ್ತ ಕೂತ ಸಂಜೆಗಳಲ್ಲಿ. ಅವರಿಗೊಬ್ಬ ತಮ್ಮನಿದ್ದ. ತುರ್ತು ಪರಿಸ್ಥಿತಿಯಲ್ಲಿ, ಪತ್ರಿಕೆಗಳು ಬರೆಯಲಾಗದ್ದನ್ನೆಲ್ಲ ಅವನು ಬರೆದು, ಗೆಳೆಯರ ಜೊತೆ ಸೇರಿ ಕದ್ದು ಸೈಕ್ಲೋಸ್ಟೈಲ್ ಮಾಡುತ್ತಿದ್ದ. ಆ ಹಾಳೆಗಳ ಕಟ್ಟನ್ನು ಸಾಗಿಸುವ ಕೆಲಸ ಅಕ್ಕನದು. ಗಿಡ ಒಣಗಿಸುವ ಹಲಗೆ ಹಿಡಿದು ಬಸ್ಸು ಹತ್ತುವ ಸಸ್ಯಶಾಸ್ತ್ರದ ಮೇಡಂ ಮೇಲೆ ಯಾರಿಗೆ ಅನುಮಾನ? ಜರಗನಹಳ್ಳಿ ಕಡೆಯ ಕೆರೆ ಅಂಚು, ಬನಶಂಕರಿಯ ಬಂಡೆಗಳ ಹಿಂದೆ, ವಸಂತಪುರದ ಗುಡ್ಡ... ಎಲ್ಲೆಲ್ಲಿ ಕಟ್ಟು ಕೈ ಬದಲಾಯಿತೋ ಅಲ್ಲೇ ಬೆಳೆದಿದ್ದ ಒಂದು ಗಿಡ ಕಿತ್ತು, ಅದೇ ಕಟ್ಟಿನ ಒಂದು ಹಾಳೆಯ ಮೇಲೆ ಒತ್ತಿ ತರುತ್ತಿದ್ದರು. ಒಮ್ಮೆ ಪೊಲೀಸಿನವನೊಬ್ಬ ಬಸ್ಸಿನಲ್ಲಿ ಚೀಲ ತೆಗೆಸಿದನಂತೆ. ಗಿಡ ನೋಡಿದವನು ತನ್ನ ತಾಯಿಯ ಮಂಡಿ ನೋವಿಗೆ ಔಷಧಿ ಕೇಳಿದನಂತೆ. ಲಕ್ಕಿ ಸೊಪ್ಪು ಕೊಟ್ಟು ಕಳಿಸಿದರಂತೆ. ಇದನ್ನು ಹೇಳುವಾಗ ಮಾತ್ರ ಮೇಡಂ ನಕ್ಕಿದ್ದರು.

ಕೊನೆಗೆ ತಮ್ಮನನ್ನು ಹಿಡಿದರು. ಹೊರಗೆ ಬಂದಾಗ ಕೆಮ್ಮು ಹತ್ತಿತ್ತು. ಹೆಚ್ಚು ದಿನ ಬದುಕಲಿಲ್ಲ. ಗೆಳೆಯರು ಹೆದರಿ ತಂತಮ್ಮ ಬಳಿ ಇದ್ದದ್ದನ್ನೆಲ್ಲ ಒಲೆಗೆ ಹಾಕಿದ್ದರು. ಅವನು ಬರೆದದ್ದು ಅಂತ ಭೂಮಿಯ ಮೇಲೆ ಉಳಿದದ್ದು ಈ ಗಿಡಗಳ ಕೆಳಗೆ ಮಾತ್ರ.

ಹುಳ ಗೆಲ್ಲುತ್ತಿತ್ತು. ಗುಳಿಗೆ ಹಾಕಿದಷ್ಟೂ ಇನ್ನೊಂದು ಗಂಟಿನಲ್ಲಿ ಪುಡಿ ಉದುರುತ್ತಿತ್ತು. ತಾವು ಸತ್ತರೆ ಇವನ್ನು ಬೀದಿಗೆ ಎಸೆಯುತ್ತಾರೆ ಅಂತ ಅವರಿಗೆ ದಿಗಿಲು ಹಿಡಿಯಿತು. ಹಳೆಯ ದಾಖಲೆ ಕಾಪಾಡುವ ಒಂದು ಖಾಸಗಿ ಸಂಸ್ಥೆಗೆ ಒಂದೇ ಒಂದು ಹಾಳೆಯನ್ನು ರಟ್ಟಿನ ಮಧ್ಯೆ ಇಟ್ಟುಕೊಂಡು ಹೋದೆವು. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ, ತಮ್ಮನ ಕಥೆ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಆಮೇಲೆ, "ಈ ಸೊಪ್ಪೆಲ್ಲ ತೆಗೆದು ತನ್ನಿ ಮೇಡಂ. ಹುಳ ಬಂದ್ರೆ ನಮ್ಮ ಬೇರೆ ದಾಖಲೆಗಳ ಗತಿ ಏನು?" ಅಂದರು.

ಯಾವ ಗಿಡ ಯಾವ ಹಾಳೆಯ ಮೇಲಿದೆ ಅಂತ ಗೊತ್ತಾದರೆ ತಾನೇ ಆ ಹಾಳೆ ಎಲ್ಲಿ ಹಂಚಿಕೆಯಾಯಿತು ಅಂತ ತಿಳಿಯುವುದು, ಎರಡೂ ಒಂದೇ ಚರಿತ್ರೆ, ಅಂತ ಮೇಡಂ ಪಾಠ ಹೇಳಿದಂತೆ ಬಿಡಿಸಿ ಹೇಳಿದರು. ಅಧಿಕಾರಿ ಮತ್ತೆ ಸೊಪ್ಪು ಅಂದರು. ಮೇಡಂ ರಟ್ಟು ಮುಚ್ಚಿಕೊಂಡು ಎದ್ದುಬಂದರು. ಮನೆಗೆ ಬಂದವರೇ ಆ ಹಾಳೆಯನ್ನು ಮತ್ತೆ ಅದರ ಗಂಟಿಗೇ ಸೇರಿಸಿದರು.

ಉಳಿದದ್ದು ಗಿಡಗಳನ್ನು ಕಾಪಾಡುವ ಇನ್ನೊಂದು ಸಂಸ್ಥೆ. ಅಲ್ಲಿ ಅವರ ಹಳೆ ಶಿಷ್ಯನೇ ವಿಜ್ಞಾನಿಯಾಗಿದ್ದ. ಜೀಪ್ ತಂದು, ಕಾಲಿಗೆ ನಮಸ್ಕಾರ ಮಾಡಿ, ಗಂಟುಗಳನ್ನು ದೇವರನ್ನು ಎತ್ತಿದ ಹಾಗೆ ಎತ್ತಿಕೊಂಡ. ಮೇಡಂ ಅವನಿಗೆ ಹೇಳಿದ್ದು ಒಂದೇ ಮಾತು: "ಬಿಚ್ಚೋ ದಿನ ನನ್ನನ್ನ ಕರಿ ಕಣಪ್ಪ. ಪಕ್ಕದಲ್ಲಿ ಕೂತಿರ್ತೀನಿ."

ಜೀಪ್ ಹೋದ ಮೇಲೆ ನಾನು ಕೇಳಿದೆ, ಹಾಳೆಗಳ ವಿಷಯ ಯಾಕೆ ಹೇಳಲಿಲ್ಲ ಅಂತ. ನಮ್ಮಿಬ್ಬರನ್ನು ಬಿಟ್ಟರೆ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಆದರೂ ಅವರು ದನಿ ತಗ್ಗಿಸಿದರು. "ಸರ್ಕಾರದ ಜಾಗ ಕಣಮ್ಮ ಅದು. ಬಿಚ್ಚೋವಾಗ ನಾನೇ ಅಲ್ಲಿರ್ತೀನಲ್ಲ, ಆಗ ಹೇಳಿದ್ರಾಯ್ತು." ಅಷ್ಟು ವರ್ಷ ಕಳೆದಿತ್ತು, ಎಷ್ಟೋ ಸರ್ಕಾರಗಳು ಬಂದು ಹೋಗಿದ್ದವು. ಆ ಭಯ ಮಾತ್ರ ಬಿಟ್ಟುಹೋಗಿರಲಿಲ್ಲ.

ಕರೆ ಬಂದದ್ದು ಬಹಳ ತಿಂಗಳ ಮೇಲೆ. ಮೇಡಂ ರೇಷ್ಮೆ ಸೀರೆ ಉಟ್ಟರು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಉದ್ದನೆಯ ಮೇಜಿನ ಮೇಲೆ ಅಚ್ಚ ಬಿಳಿ ದಪ್ಪ ಹಾಳೆಗಳು. ಒಂದೊಂದರಲ್ಲೂ ಒಂದು ಗಿಡ, ಕಾಂಡಕ್ಕೆ ನವಿರಾದ ಹೊಲಿಗೆ, ಕೆಳಗೆ ಸಿಕ್ಕ ಜಾಗ, ಸಂಗ್ರಹಿಸಿದವರು ಅಂತ ಮೇಡಂ ಹೆಸರು. ಎಷ್ಟು ಚೆನ್ನಾಗಿದೆ ಅಂತ ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಮೇಡಂ ಒಂದು ಹಾಳೆಯ ಹಿಂಬದಿ ತಿರುಗಿಸಿ ನೋಡಿದರು. ಇನ್ನೊಂದು ತಿರುಗಿಸಿದರು.

"ಪೇಪರ್ ಎಲ್ಲಿ?"

"ಬಿಚ್ಚಿದ ದಿನಾನೇ ಆಚೆ ಹಾಕಿಸ್ಬಿಟ್ಟೆ ಮೇಡಂ, ಒಂದೂ ಉಳಿಸಿಲ್ಲ," ಅಂದ ಶಿಷ್ಯ, ಹೊಗಳಿಕೆಗೆ ಕಾದವನಂತೆ. "ಹುಳ ಬಿದ್ದ ಪೇಪರ್ ಒಂದು ರಾತ್ರೀನೂ ಒಳಗಿಡಬೇಡಿ ಅಂತ ನೀವೇ ತಾನೆ ಕಲಿಸಿದ್ದು? ಈ ವಯಸ್ಸಲ್ಲಿ ನಿಮಗೆ ಯಾಕೆ ಓಡಾಟ, ಎಲ್ಲ ಮುಗಿಸಿ ತೋರಿಸೋಣ ಅಂತ ಕರೀಲಿಲ್ಲ..."

ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅವನು ಮಾಡಿದ್ದರಲ್ಲಿ ತಪ್ಪೆಲ್ಲಿತ್ತು? ಗುರುವಿನ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಶಿಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೇಡಂ ಮೇಜು ಹಿಡಿದುಕೊಂಡು, "ಹೌದಪ್ಪ, ನಾನೇ ಕಲಿಸಿದ್ದು," ಅಂದರು. ಸಂಸ್ಥೆಯ ರದ್ದಿ ಯಾರು ಒಯ್ಯುತ್ತಾರೆ ಅಂತಷ್ಟೇ ಕೇಳಿದರು.

ಆಮೇಲಿನ ದಿನಗಳೆಲ್ಲ ಹುಡುಕಾಟವೇ. ಆಟೋ ಹಿಡಿದು ಒಂದಾದ ಮೇಲೊಂದು ರದ್ದಿ ಅಂಗಡಿ ಸುತ್ತಿದೆವು. ಮೇಡಂ ಪರೀಕ್ಷೆಯ ಉತ್ತರ ಪತ್ರಿಕೆ, ಮದುವೆ ಕಾರ್ಡು, ಏನೇನನ್ನೋ ಕೆದಕುತ್ತಿದ್ದರು. ಒರಟು ಹಾಳೆ ಕಂಡರೆ ಸಾಕು ಎಳೆದು ಬೆಳಕಿಗೆ ಹಿಡಿಯುತ್ತಿದ್ದರು. ಬನಶಂಕರಿಯ ಅಂಗಡಿಯವನಿಗೆ ಕೊನೆಗೆ ಅಯ್ಯೋ ಅನ್ನಿಸಿರಬೇಕು. "ಅಮ್ಮಾ, ಆ ಆಫೀಸಿನ ಲೋಡ್ ಯಾವತ್ತೋ ಮಿಲ್ಲಿಗೆ ಹೋಯ್ತು. ಅಲ್ಲಿ ನೀರಿಗೆ ಹಾಕಿ ರುಬ್ಬಿಬಿಡ್ತಾರೆ. ಸುಮ್ನೆ ಹುಡುಕ್ಬೇಡಿ," ಅಂದ.

ಮೇಡಂ ಅಲ್ಲೇ ಮೂಟೆಯ ಮೇಲೆ ಕೂತರು. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಸಮಾಧಾನಕ್ಕೆಂದು ನಾನು, ನಿಮಗೆ ನೆನಪಿರುವಷ್ಟು ಹೇಳಿ ಮೇಡಂ, ನಾನು ಟೈಪ್ ಮಾಡಿಕೊಡ್ತೀನಿ ಅಂದೆ. ಆಗ ಅವರು ನನ್ನನ್ನು ನೋಡಿದ ನೋಟ...

"ನಾನು ಓದೇ ಇಲ್ಲ ಕಣಮ್ಮ. ಒಂದು ಸಾಲೂ ಓದಿಲ್ಲ."

ತಮ್ಮನೇ ಬೇಡವೆಂದಿದ್ದನಂತೆ. ಅಕ್ಕಾ, ನಿನಗೆ ಸುಳ್ಳು ಹೇಳೋಕೆ ಬರಲ್ಲ, ಓದಬೇಡ, ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನೋದು ನಿಜವಾಗಿರಲಿ ಅಂತ. ಅವನು ಸತ್ತ ಮೇಲೆ ಓದಬೇಕೆಂದರೆ ಹಾಳೆಗೆ ಅಂಟಿಕೊಂಡ ಗಿಡ ಎತ್ತಬೇಕು, ಎತ್ತಿದರೆ ಪುಡಿಯಾಗುತ್ತದೆ. ಶಿಷ್ಯ ನಾಜೂಕಾಗಿ ಎತ್ತುತ್ತಾನೆ, ಪಕ್ಕದಲ್ಲಿ ಕೂತು ಒಂದೊಂದೇ ಓದೋಣ, ಅಂತ ಕಾದಿದ್ದರಂತೆ. ಅದಕ್ಕೇ ಅವನಿಗೆ ಬಿಚ್ಚೋ ದಿನ ಕರಿ ಅಂತ ಹೇಳಿದ್ದು.

ನನ್ನ ಕೈ ಹಿಡಿದರು. "ಅವತ್ತು ಬಸ್ಸಲ್ಲಿ ಆ ಹಾಳೆ ನಿನ್ನ ಹತ್ರ ಇತ್ತಲ್ಲ. ಏನಿತ್ತು ಅದ್ರಲ್ಲಿ?"

ರಟ್ಟು ಸರಿದಾಗ ನಾನು ಇಣುಕಿದ್ದು ನಿಜ. ವಸಂತಪುರದ ಉಮ್ಮತ್ತಿ ಗಿಡ ಅದು. ಅಗಲವಾದ ಎಲೆಗಳು ಅಕ್ಷರಗಳನ್ನೆಲ್ಲ ಮುಚ್ಚಿದ್ದವು. ಕೊನೆಯ ಸಾಲಿನ ಎರಡು ಪದ ಮಾತ್ರ ಕಾಣುತ್ತಿತ್ತು. "ಓದಿದ ಮೇಲೆ..." ಅಂತ ಇತ್ತು ಅಂದೆ.

"ಆಮೇಲೆ?"

"ಎಲೆ ಅಡ್ಡ ಇತ್ತು ಮೇಡಂ."

ಅಂದಿನಿಂದ ಸಂಜೆ ಮೆಟ್ಟಿಲ ಮೇಲೆ ಕೂತು ಅದೊಂದನ್ನೇ ಕೇಳುತ್ತಿದ್ದರು. ಸುಟ್ಟುಬಿಡಿ ಅಂತ ಇರಬಹುದೇ? ಇನ್ನೊಬ್ಬರಿಗೆ ಕೊಡಿ ಅಂತ ಇರಬಹುದೇ? ಏನಾದರೊಂದು ಕಟ್ಟಿ ಹೇಳಿಬಿಡಲೇ ಅಂತ ನನಗೆ ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದುಂಟು. ಬಾಯಿ ಬರಲಿಲ್ಲ. ನಲ್ಲಿ ನೀರು ಎಷ್ಟು ಹಿಡಿದರೂ ಈಗ ಕೆಮ್ಮುತ್ತಿರಲಿಲ್ಲ. ಮುಂದಿನ ಬೇಸಿಗೆ ದಾಟಲಿಲ್ಲ ಅವರು.

ಇಷ್ಟು ವರ್ಷ ನಾನು ಆ ಸಂಸ್ಥೆಯ ಕಡೆ ತಲೆ ಹಾಕಿರಲಿಲ್ಲ. ಕಳೆದ ವಾರ ಆ ಸೀರೆಗಳನ್ನು ಮಡಿಸಿಟ್ಟು, ಮಾರನೆಯ ದಿನ ಹೋದೆ. ಶಿಷ್ಯ ನಿವೃತ್ತನಾಗಿದ್ದ. ಈಗಿರುವ ಹುಡುಗಿ ಪ್ರೀತಿಯಿಂದಲೇ ಹುಡುಕಿ, ವಸಂತಪುರದ ಉಮ್ಮತ್ತಿಯನ್ನು ತಂದು ಮುಂದಿಟ್ಟಳು. "ನೋಡಿ ಆಂಟಿ, ಇಷ್ಟು ಹಳೇದಾದ್ರೂ ಒಂದೆಲೆ ಮುರಿದಿಲ್ಲ," ಅಂದಳು. ನಿಜ, ಮುರಿದಿರಲಿಲ್ಲ. ಅದೇ ಅಗಲದ ಎಲೆ, ಅದೇ ಅಂಚು.

ಆ ಎಲೆಯನ್ನು ಸ್ವಲ್ಪ ಎತ್ತಿ ತೋರಿಸ್ತೀಯಾ ಅಂತ ಕೇಳಿದೆ. ಅವಳಿಗೆ ವಿಚಿತ್ರ ಅನ್ನಿಸಿರಬೇಕು. ಆದರೂ ಚಿಮಟದಲ್ಲಿ ತುದಿ ಹಿಡಿದು, ಉಸಿರು ಬಿಗಿಹಿಡಿದು ಎತ್ತಿದಳು.

"ಏನೂ ಇಲ್ಲ ಆಂಟಿ. ಬಿಳೀ ಹಾಳೆ ಅಷ್ಟೆ."

ನನಗೂ ಗೊತ್ತಿತ್ತು. ಆದರೂ ಬಗ್ಗಿ ನೋಡಿದೆ.