ಮಾಸ್ಟ್ರು ಬಿಟ್ಟ ಸಾಲು

ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ನನ್ನ ಬಾಲ್ಯ ಕಳೆಯಿತು. ಎಪ್ಪತ್ತರ ದಶಕದ ಆರಂಭದ ಆ ಭಾನುವಾರಗಳಲ್ಲಿ ಚರ್ಚಿನ ಪೂಜೆ ಮುಗಿದ ಮೇಲೂ ನಾವು ಮಕ್ಕಳು ಮನೆಗೆ ಓಡುವಂತಿರಲಿಲ್ಲ. ಇಗರ್ಜಿಯ ಹಿಂದಿನ ಹಂಚಿನ ಕೋಣೆಯಲ್ಲಿ ಒಂದು ಗಂಟೆ ‘ದೊತೊರ್ನ್’ ಇರುತ್ತಿತ್ತು, ಅಂದರೆ ಧರ್ಮಪಾಠ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ ಒಂದು ತೆಳು ಪುಸ್ತಕ. ಅದರ ತುಂಬ ಪ್ರಶ್ನೆ, ಪ್ರಶ್ನೆಯ ಕೆಳಗೆ ಉತ್ತರ. ಕಲಿಸುತ್ತಿದ್ದವರು ಪ್ರಾಥಮಿಕ ಶಾಲೆಯ ಒಬ್ಬ ಮಾಸ್ಟ್ರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಉತ್ತರದಲ್ಲಿ ಒಂದು ‘ಆನಿ’, ಅಂದರೆ ಒಂದು ‘ಮತ್ತು’ ಬಿಟ್ಟುಹೋದರೂ ಅವರು ಕೈಯೆತ್ತಿ ನಿಲ್ಲಿಸುತ್ತಿದ್ದರು. “ಮೊದಲಿಂದ ಹೇಳು” ಎನ್ನುತ್ತಿದ್ದರು.

ನಾನು ಅವರ ಮೆಚ್ಚಿನ ಶಿಷ್ಯೆ. ಪುಸ್ತಕದ ನೂರಾರು ಉತ್ತರಗಳು ನನಗೆ ಬಾಯಿಪಾಠ. ದೇವರು ಎಲ್ಲಿದ್ದಾನೆ, ಪಾಪ ಎಷ್ಟು ಬಗೆ, ಕೃಪೆ ಎಂದರೇನು, ಎಲ್ಲಿಂದ ಕೇಳಿದರೂ ಹೇಳಬಲ್ಲವಳಾಗಿದ್ದೆ. ದನಕ್ಕೆ ಹುಲ್ಲು ತರುವಾಗಲೂ ಅದನ್ನೇ ಗುನುಗುತ್ತಿದ್ದೆ. ನನಗೆ ದೇವರು ಗೊತ್ತು ಎಂದು ಪ್ರಾಮಾಣಿಕವಾಗಿಯೇ ಭಾವಿಸಿದ್ದೆ.

ಮಾಸ್ಟ್ರ ಹೆಂಡತಿಗೆ ಓದು ಬಾರದು. ಊರಿನವರೆಲ್ಲ ಆಕೆಯನ್ನು ‘ಮಾಯ್’, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಆಕೆ ಪ್ರಾರ್ಥನೆಗಳನ್ನು ಕಿವಿಯಿಂದಲೇ ಕಲಿತವರು. ವಿಶ್ವಾಸ ಸಂಗ್ರಹದ ಪ್ರಾರ್ಥನೆಯಲ್ಲಿ ಯೇಸುವಿಗೆ ಮರಣದಂಡನೆ ವಿಧಿಸಿದ ಅಧಿಕಾರಿಯ ಹೆಸರು ‘ಪೋನ್ಸ್ ಪಿಲಾತ್’ ಎಂದು ಬರುವಲ್ಲಿ ಗಟ್ಟಿಯಾಗಿ ‘ಪಾಂಚ್ ಪಿಲಾತ್’ ಎನ್ನುತ್ತಿದ್ದರು. ಪಾಂಚ್ ಎಂದರೆ ಕೊಂಕಣಿಯಲ್ಲಿ ಐದು. ಒಂದು ಸಲ ಇಗರ್ಜಿಯ ಅಂಗಳದಲ್ಲಿ, ನಮ್ಮೆಲ್ಲರ ಎದುರೇ ಮಾಸ್ಟ್ರು ಸಿಡುಕಿದರು.

“ಎಷ್ಟು ಸಲ ಹೇಳುವುದು ಮಾರಾಯ್ತಿ? ಪಿಲಾತ ಒಬ್ಬನೇ.”

“ಒಬ್ಬನೋ ಐವರೋ, ಯೇಸುವನ್ನು ಬಿಡಲಿಲ್ಲ ಅಲ್ವಾ?” ಎಂದು ಮಾಯ್ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು. ನಾವು ಮಕ್ಕಳು ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಎಸ್ಸೆಸ್ಸೆಲ್ಸಿ ಆದ ಕೆಲವು ವರ್ಷಗಳಿಗೆ ನಾನು ನರ್ಸಿಂಗ್ ಕಲಿತು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಬೆಳಿಗ್ಗೆ ವಾರ್ಡಿಗೆ ಹೋದರೆ ಕಿಟಕಿ ಪಕ್ಕದ ಮಂಚದಲ್ಲಿ ನಮ್ಮ ಮಾಸ್ಟ್ರು. ಪಕ್ಕದ ಸ್ಟೂಲಿನ ಮೇಲೆ ಮಾಯ್. ಹೊಟ್ಟೆಯಲ್ಲಿ ಗಡ್ಡೆ, ಮರುದಿನ ಆಪರೇಷನ್. ಅಂಗಿಯಿಲ್ಲದ, ಕಿಸೆಯಿಲ್ಲದ ಮಾಸ್ಟ್ರನ್ನು ನಾನು ಅದೇ ಮೊದಲ ಸಲ ನೋಡಿದ್ದು. ಎಷ್ಟು ಚಿಕ್ಕ ಮನುಷ್ಯ ಎನಿಸಿತು.

ಮಧ್ಯಾಹ್ನ ಪಾಳಿ ಮುಗಿಸಿ ಹೋಗಿ ಅವರ ಹತ್ತಿರ ಕೂತೆ. ಸ್ವಲ್ಪ ಹೊತ್ತು ಊರಿನ ಮಾತಾಡಿದೆವು. ಆಮೇಲೆ ಅವರು ಇದ್ದಕ್ಕಿದ್ದಂತೆ, “ನನಗೆ ದೊತೊರ್ನ್ ಪ್ರಶ್ನೆ ಕೇಳು ಮಗಾ. ಮೊದಲ ಪಾಠದಿಂದ” ಎಂದರು.

ತಮಾಷೆ ಎಂದುಕೊಂಡು ಕೇಳತೊಡಗಿದೆ. ಅವರು ಕಣ್ಣು ಮುಚ್ಚಿ ಒಂದಕ್ಷರ ತಪ್ಪದೆ ಹೇಳುತ್ತ ಹೋದರು. “ದೇವರು ಎಲ್ಲಿದ್ದಾನೆ?” ಎಂದು ಕೇಳಿದಾಗ ಮಾತ್ರ ನಿಂತರು. ಕಣ್ಣು ತೆರೆದು ವಾರ್ಡನ್ನು ಒಮ್ಮೆ ನೋಡಿದರು. ಹದಿನಾರು ಮಂಚ, ಗ್ಲೂಕೋಸ್ ಬಾಟಲಿಗಳು, ಫಿನಾಯಿಲ್ ವಾಸನೆ.

“ಉತ್ತರ ಗೊತ್ತುಂಟು” ಎಂದರು. “ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ! ಆದರೆ ಈ ಮಂಚದ ಹತ್ತಿರ ಇದ್ದಾನಾ ಅಂತ ಕೇಳಿದರೆ ನನಗೆ ಗೊತ್ತಿಲ್ಲ ಮಗಾ. ನಾನು ಅದನ್ನು ನಂಬಿ ನೋಡಲೇ ಇಲ್ಲ. ಗೊತ್ತುಂಟು, ಅಷ್ಟೇ ಸಾಕು ಅಂತ ಇದ್ದುಬಿಟ್ಟೆ.”

“ಪಾದ್ರಿ ಬಂದಿದ್ದರಾ?” ಎಂದೆ.

“ಬಂದಿದ್ದರು. ಡಾಕ್ಟರನ್ನು ನಂಬುವುದಿಲ್ವಾ, ಹಾಗೆಯೇ ದೇವರನ್ನು ನಂಬಿ ಅಂದರು. ಡಾಕ್ಟರನ್ನು ನಾನು ನೋಡಿದ್ದೇನಲ್ಲ!”

ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ದೊತೊರ್ನ್ ಪರೀಕ್ಷೆಯಲ್ಲಿ ನನಗೆ ಮೊದಲ ಬಹುಮಾನ ಕೊಟ್ಟವರು ಅವರೇ. “ನನ್ನದೂ ಬರೀ ಬಾಯಿಪಾಠವೇ ಮಾಸ್ಟ್ರೇ” ಎಂದೆ. ಅವರು ನಕ್ಕರು. ಹೊಟ್ಟೆ ನೋಯಿತೆಂದು ಕಾಣುತ್ತದೆ, ನಗುವನ್ನು ಅರ್ಧಕ್ಕೇ ಹಿಡಿದುಕೊಂಡರು.

“ಹಾಗಾದರೆ ಮೂರೂ ಜನ ಒಂದು ಪ್ರಾರ್ಥನೆ ಹೇಳುವ” ಎಂದವರು ಅವರೇ.

ಕ್ರಿಸ್ತ ಕಲಿಸಿದ ಪ್ರಾರ್ಥನೆ ಶುರು ಮಾಡಿದೆವು. ಮಕ್ಕಳ ಮುಂದೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ ಮನುಷ್ಯ, ಅಂದು ಒಂದೊಂದು ಶಬ್ದವನ್ನು ತೂಗಿ ನೋಡುವವರಂತೆ ಹೇಳಿದರು. ‘ನಿನ್ನ ಚಿತ್ತ ನೆರವೇರಲಿ’ ಎಂಬಲ್ಲಿಗೆ ಬಂದಾಗ ಅವರ ದನಿ ಇರಲಿಲ್ಲ. ಕೊಂಕಣಿಯಲ್ಲಿ ಚಿತ್ತಕ್ಕೆ ‘ಖುಶಿ’ ಎನ್ನುತ್ತೇವೆ. ನಿನ್ನ ಖುಶಿಯಂತೆ ಆಗಲಿ ಎಂದು. ನಾನು ನಿಲ್ಲಿಸಿ ಅವರ ಮುಖ ನೋಡಿದೆ.

“ಅದು ಬಾಯಿಗೆ ಬರುವುದಿಲ್ಲ” ಎಂದರು. “ನಾಳೆ ಅವನ ಖುಶಿ ಎಂತ ಅಂತ ಯಾರಿಗೆ ಗೊತ್ತು? ಈಗ ಹೇಳಿದರೆ ಸುಳ್ಳು ಹೇಳಿದ ಹಾಗೆ ಆಗ್ತದೆ.”

ಮಾಯ್ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡರು.

“ಅದನ್ನು ನಾನು ಹೇಳ್ತೇನೆ. ನೀವು ಮುಂದಿನದ್ದು ಹೇಳಿ.”

ಹೇಳಿಯೂಬಿಟ್ಟರು, ಗಟ್ಟಿಯಾಗಿ, ಪಕ್ಕದ ಮಂಚದವರು ತಿರುಗಿ ನೋಡುವಷ್ಟು. ಮಾಸ್ಟ್ರು ಕಾದಿದ್ದು, ದಿನದ ಅನ್ನವನ್ನು ಬೇಡುವ ಸಾಲಿನಿಂದ ಮತ್ತೆ ಸೇರಿಕೊಂಡರು. ಅಷ್ಟು ವರ್ಷ ಶಬ್ದಕ್ಕೆ ಶಬ್ದ ತಿದ್ದುತ್ತಿದ್ದವರು, ಆ ದಿನ ಮಾಯ್ ಹೇಗೆ ಹೇಳಿದರೋ ಹಾಗೆಯೇ ಬಿಟ್ಟರು.

ಆಪರೇಷನ್ ಸರಿಯಾಯಿತು. ಗಡ್ಡೆ ಅಪಾಯದ್ದಲ್ಲ ಎಂದರು. ಎರಡು ವಾರ ಕಳೆದು ಇಬ್ಬರೂ ಹಿರಿಯಡ್ಕದ ಮೇಲಿಂದ ಹೋಗುವ ಕಾರ್ಕಳದ ಬಸ್ಸು ಹತ್ತಿದರು. ನಾನು ಕಿಟಕಿಯೊಳಗೆ ಔಷಧಿಯ ಚೀಲ ಕೊಟ್ಟು ಕೈಬೀಸಿದೆ.

ಆಮೇಲೆ ನಾನು ಮದುವೆಯಾಗಿ ಕಾಪುವಿಗೆ ಬಂದೆ. ನನ್ನ ಮಗುವಿನ ಜ್ಞಾನಸ್ನಾನಕ್ಕೆ ಮಾಸ್ಟ್ರೂ ಮಾಯ್ ಕೂಡ ಬಂದಿದ್ದರು. ಊಟ ಮುಗಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಅವರಿಬ್ಬರನ್ನು ಕಡಲತೀರದ ದೀಪಸ್ತಂಭದ ಹತ್ತಿರದ ಮರಳಿಗೆ ಕರೆದುಕೊಂಡು ಹೋದೆ. ಮಾಯ್ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಂಚಿನಲ್ಲಿ ನಡೆದರು. ಮರಳಿನ ಮೇಲೆ ಕೂತ ಮಾಸ್ಟ್ರನ್ನು ನಾನು ಕೇಳಿದೆ, “ದೇವರು ಎಲ್ಲಿದ್ದಾನೆ ಅಂತ ಈಗ ಗೊತ್ತಾಯ್ತಾ ಮಾಸ್ಟ್ರೇ?”

“ಗೊತ್ತಾಗುವುದು ಆಮೇಲೆ ಮಗಾ. ಈಗ ದಿನಾ ಸ್ವಲ್ಪ ನಂಬಿ ನೋಡ್ತಾ ಇದ್ದೇನೆ. ಕೆಲವು ದಿನ ಆಗ್ತದೆ, ಕೆಲವು ದಿನ ಆಗುವುದಿಲ್ಲ.” ಹೆಂಡತಿಯ ಕಡೆ ಗಲ್ಲ ಎತ್ತಿ ತೋರಿಸಿದರು. “ಮೂವತ್ತೈದು ವರ್ಷ ಇವಳ ತಪ್ಪು ತಿದ್ದಿದೆ. ಇವಳಿಗೆ ಇಷ್ಟು ವಿಶ್ವಾಸ ಉಂಟು ಅಂತ ಆಸ್ಪತ್ರೆಯಲ್ಲಿ ಗೊತ್ತಾಯ್ತು.”

ಮಾಯ್‌ಗೆ ಅದು ಕೇಳಿಸಿತು. ಅಲ್ಲಿಂದಲೇ ತಿರುಗಿ ನಿಂತರು.

“ಎಂತ ವಿಶ್ವಾಸ? ನನಗೆ ಕೈಕಾಲು ನಡುಗ್ತಾ ಇತ್ತು. ಇವರು ನಿಲ್ಲಿಸಿಬಿಟ್ಟರು, ಯಾರಾದರೂ ಹೇಳ್ಬೇಕಲ್ಲ ಅಂತ ಹೇಳಿದೆ.”

ಮಾಸ್ಟ್ರು ಬಾಯಿಬಿಟ್ಟು ಅವರನ್ನೇ ನೋಡಿದರು. ಇಷ್ಟು ದಿನ ಮಾಯ್ ಅದನ್ನು ಅವರಿಗೂ ಹೇಳಿರಲಿಲ್ಲ. ನಾನೂ, ಮಾಯ್‌ಗೆ ಯಾವ ಹೆದರಿಕೆಯೂ ಇಲ್ಲ ಎಂದೇ ಅಷ್ಟು ಕಾಲ ನಂಬಿಕೊಂಡಿದ್ದೆ. ಅದನ್ನು ನೆನೆದು ಎಷ್ಟೋ ರೋಗಿಗಳ ಬಳಿ ಧೈರ್ಯ ತಂದುಕೊಂಡು ನಿಂತಿದ್ದೆ. ನಡುಗುತ್ತಲೇ ಹೇಳಿದ್ದರು ಎಂದು ಗೊತ್ತಾದ ಮೇಲೆ ಆ ಧೈರ್ಯವೇನೂ ಕಡಿಮೆಯಾಗಲಿಲ್ಲ. ನನ್ನಂಥವಳಿಗೂ ಅದು ಸಾಧ್ಯ ಎನಿಸಿತು.

ಮಾಸ್ಟ್ರು ಎದ್ದು, ಪಂಚೆಯ ಮರಳು ಕೊಡವಿ, ನೀರಿನಂಚಿಗೆ ಹೋದರು. ಮಾಯ್ ಕೈಯಲ್ಲಿದ್ದ ಚಪ್ಪಲಿಗಳನ್ನು ತಾವು ತೆಗೆದುಕೊಂಡು, ಅವರ ಪಕ್ಕದಲ್ಲೇ ನಡೆಯತೊಡಗಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು.